ಜೆಸಿಕಾ ಲಾಲ್ ಕೇಸ್: ದುಡ್ಡು ನಿಜವಾಗಿ ಎಲ್ಲಿ ಕೆಲಸ ಮಾಡಿತು?

ಹಳೇಪೇಪರ್

ಮೊನ್ನೆ ಅಟ್ಟದ ಮೇಲಿದ್ದ ಪೇಪರ್ ಕಟ್ಟನ್ನು ರದ್ದಿಗೆ ಹಾಕೋಣ ಎಂದು ಇಳಿಸಿದೆ. ದಾರ ಬಿಚ್ಚಿದ್ದೇ ತಪ್ಪಾಯಿತು. ಎರಡು ಗಂಟೆ ನೆಲದ ಮೇಲೆ ಕೂತು ಓದಿದೆ, ರದ್ದಿಯವನು ಬಂದು ವಾಪಸ್ ಹೋದ. ಎಲ್ಲ 2006ರ ಫೆಬ್ರವರಿ, ಮಾರ್ಚ್ ತಿಂಗಳವು. ಜೆಸಿಕಾ ಲಾಲ್ ಕೇಸಿನಲ್ಲಿ ಒಂಬತ್ತು ಆರೋಪಿಗಳೂ ಖುಲಾಸೆ ಆದ ಸುದ್ದಿ ಅದರಲ್ಲಿತ್ತು.

ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. 1999ರ ಏಪ್ರಿಲ್ 29ರ ರಾತ್ರಿ, ಲೆಕ್ಕಕ್ಕೆ 30 ಆಗಿತ್ತು, ಸುಮಾರು ಎರಡು ಗಂಟೆ. ದೆಹಲಿಯ ಮೆಹ್ರೌಲಿಯಲ್ಲಿ, ಕುತುಬ್ ಮಿನಾರಿನ ಹತ್ತಿರ, ಟ್ಯಾಮರಿಂಡ್ ಕೋರ್ಟ್ ಎಂಬ ರೆಸ್ಟೋರೆಂಟು. ದೊಡ್ಡವರ ಪಾರ್ಟಿ. ಜೆಸಿಕಾ ಮಾಡೆಲ್, ಆ ರಾತ್ರಿ ಬಾರಿನಲ್ಲಿ ಸರ್ವ್ ಮಾಡುತ್ತಿದ್ದಳು. ಬಾರ್ ಮುಚ್ಚಿದ ಮೇಲೆ ಒಂದು ಗುಂಪು ಬಂದು ಡ್ರಿಂಕ್ ಕೇಳಿತು. ಇಲ್ಲ ಎಂದಳು. ಸಾವಿರ ರೂಪಾಯಿ ಕೊಡುತ್ತೇವೆ ಎಂದರೂ ಇಲ್ಲ ಎಂದಳು. ಒಂದು ಗುಂಡು ಚಾವಣಿಗೆ, ಇನ್ನೊಂದು ಅವಳ ತಲೆಗೆ.

ಹಾರಿಸಿದವನು ಮನು ಶರ್ಮಾ. ಅಪ್ಪ ವಿನೋದ್ ಶರ್ಮಾ ಕಾಂಗ್ರೆಸ್ಸಿನಲ್ಲಿದ್ದವರು, ಕೇಂದ್ರದಲ್ಲಿ ಮಂತ್ರಿಯಾಗಿದ್ದವರು. ಹೋಟೆಲು, ಸಕ್ಕರೆ ಎಂದು ದೊಡ್ಡ ವ್ಯವಹಾರ. ಜೊತೆಗಿದ್ದವರಲ್ಲಿ ಒಬ್ಬ ವಿಕಾಸ್ ಯಾದವ್, ಉತ್ತರ ಪ್ರದೇಶದ ರಾಜಕಾರಣಿ ಡಿ.ಪಿ. ಯಾದವ್ ಮಗ.

ನನ್ನ ಪ್ರಶ್ನೆ ಇಷ್ಟೇ. "ದುಡ್ಡಿದ್ದರೆ ಏನು ಬೇಕಾದರೂ ಆಗುತ್ತೆ" ಎಂದು ನಾವು ಸುಮ್ನೆ ಹೇಳಿಬಿಡುತ್ತೇವೆ. ಆದರೆ ಏನು ಆಗುತ್ತೆ? ಎಲ್ಲಿ ಆಗುತ್ತೆ? ಪೇಪರ್ ಓದಿದ ಮೇಲೆ ನನಗನ್ನಿಸಿದ್ದು, ಇಲ್ಲಿ ಜಡ್ಜ್ ಹತ್ತಿರ ಯಾರೂ ಹೋಗಬೇಕಾಗಿಯೇ ಇರಲಿಲ್ಲ. ಕೇಸು ಅಲ್ಲಿಗೆ ತಲುಪುವ ಹೊತ್ತಿಗೇ ಸವೆದುಹೋಗಿತ್ತು.

(ಈಗ ಕೋರ್ಟಿನಲ್ಲಿರುವ ನಮ್ಮ ಕಡೆಯ ಕೇಸುಗಳನ್ನು ದಯವಿಟ್ಟು ಇಲ್ಲಿಗೆ ಎಳೆಯಬೇಡಿ. ಹೋದ ಸಲ ಅದರಿಂದಲೇ ಜಗಳ ಆಗಿದ್ದು.)

ಬೆಂಚ್‌ಕೊನೆ

ಇದರಲ್ಲಿ ಚರ್ಚೆ ಮಾಡೋದೇನಿದೆ ಗುರುವೇ? ದೊಡ್ಡವರ ಮಗ, ಬಿಟ್ಟರು. ಜನ ಕೂಗಿದರು, ಹಿಡಿದರು. ಕಥೆ ಮುಗೀತು.

ತಾಲ್ಲೂಕುಕೋರ್ಟ್

ಅಷ್ಟು ಸುಲಭ ಇಲ್ಲ ಸ್ವಾಮಿ. ನಾನು ಇಪ್ಪತ್ತೆರಡು ವರ್ಷದಿಂದ ಕರಿ ಕೋಟು ಹಾಕಿಕೊಂಡು ಓಡಾಡುತ್ತಿದ್ದೇನೆ, ದೆಹಲಿಯಲ್ಲಲ್ಲ, ಒಂದು ತಾಲ್ಲೂಕಿನಲ್ಲಿ. ಹಳೇಪೇಪರ್ ಹೇಳಿದ ಸವೆಯುವ ಮಾತು ಸರಿ ಇದೆ.

ಈ ಕೇಸಿನಲ್ಲಿ ಮೂರು ಕಡೆ ಸವೆಯಿತು. ಒಂದು ಪಿಸ್ತೂಲು. ಕೊನೆಯವರೆಗೂ ಸಿಗಲಿಲ್ಲ. ಮನು ಶರ್ಮಾ ಹೆಸರಿನಲ್ಲಿ ಲೈಸೆನ್ಸ್ ಇದ್ದ .22 ಪಿಸ್ತೂಲು ಇತ್ತು, ಅವನು ಅದನ್ನು ಹಾಜರುಪಡಿಸಲೇ ಇಲ್ಲ. ಅವನು ಪೊಲೀಸರಿಗೆ ಸಿಕ್ಕಿದ್ದು ಮೇ 6ಕ್ಕೆ, ತಾನಾಗಿ ಶರಣಾಗಿ. ಒಂದು ವಾರದಲ್ಲಿ ಒಂದು ಪಿಸ್ತೂಲು ಎಷ್ಟು ದೂರ ಹೋಗಬಹುದು ನೀವೇ ಯೋಚಿಸಿ. ಎರಡನೆಯದು ಸಾಕ್ಷಿಗಳು. ಮೂವತ್ತೆರಡು ಜನ ಉಲ್ಟಾ ಹೊಡೆದರು. ಮೂರನೆಯದು ಕಾಲ. 1999ರ ಘಟನೆಗೆ 2006ರಲ್ಲಿ ತೀರ್ಪು. ಏಳು ವರ್ಷದಲ್ಲಿ ಮನುಷ್ಯನ ಸಿಟ್ಟೂ ಹೋಗುತ್ತೆ, ನೆನಪೂ ಹೋಗುತ್ತೆ, ಹೆದರಿಕೆ ಮಾತ್ರ ಹಾಗೇ ಇರುತ್ತೆ.

ಜನ ಮರೆಯುವ ವಿಷಯ ಒಂದಿದೆ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಾಕ್ಷಿ ಸಹಿ ಹಾಕುವುದಿಲ್ಲ. ಆ ಹೇಳಿಕೆ ಸಾಕ್ಷ್ಯವೂ ಅಲ್ಲ. ಕೋರ್ಟಿನಲ್ಲಿ ನಿಂತು "ನಾನು ಹಾಗೆ ಹೇಳೇ ಇಲ್ಲ, ಪೊಲೀಸರೇ ಬರೆದುಕೊಂಡರು" ಎಂದರೆ ಮುಗಿಯಿತು. ಮ್ಯಾಜಿಸ್ಟ್ರೇಟ್ ಮುಂದೆ, ಆಗಿನ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 164ನೇ ಸೆಕ್ಷನ್ನಿನಲ್ಲಿ ಹೇಳಿಕೆ ಮಾಡಿಸಿದ್ದರೆ ಸ್ವಲ್ಪ ಭಯ ಇರುತ್ತಿತ್ತು.

ಕಾಫಿಹೂವು

ಎರಡು ಗುಂಡು ಎರಡು ಬೇರೆ ಪಿಸ್ತೂಲಿನಿಂದ ಬಂದವು ಎಂದು ಆರೋಪಿಗಳ ಕಡೆಯವರ ವಾದ ಇತ್ತಲ್ಲ, ಅದರ ಬಗ್ಗೆ ಒಂದು ಮಾತು. ನಮ್ಮ ಕೊಡಗಿನ ಮನೆಗಳಲ್ಲಿ ಕೋವಿ ಹೊಸದಲ್ಲ. ಕೈಲ್‌ಪೋಳ್ದ್ ಹಬ್ಬದಲ್ಲಿ ಪೂಜೆ ಮಾಡುತ್ತೇವೆ, ಮಗು ಹುಟ್ಟಿದರೂ ಗುಂಡು, ಸತ್ತರೂ ಗುಂಡು. ಹಾಗಾಗಿ ತೋಟೆ ನೋಡಿ ಬೆಳೆದವಳು ನಾನು.

ಗುಂಡು ಹಾರಿದ ಮೇಲೆ ಖಾಲಿ ತೋಟೆಯ ಹಿಂಭಾಗದಲ್ಲಿ ಸಣ್ಣ ಗುಳಿ ಬೀಳುತ್ತದೆ, ಕೋವಿಯ ಕುದುರೆ, ಅಂದರೆ ಸುತ್ತಿಗೆಯಂಥ ಭಾಗ, ಹೊಡೆದಾಗ ಪಿನ್ ತಾಗಿದ ಜಾಗ. .22 ಆದರೆ ಅದು ನಡುವೆ ಅಲ್ಲ, ಅಂಚಿನಲ್ಲಿ ಬೀಳುತ್ತದೆ. ತಜ್ಞರು ಆ ಗುರುತನ್ನು ಆಯುಧದಿಂದ ಮತ್ತೆ ಹಾರಿಸಿದ ತೋಟೆಯ ಗುರುತಿನ ಜೊತೆ ಹೋಲಿಸುತ್ತಾರೆ. ಇಲ್ಲಿ ಆಯುಧವೇ ಇಲ್ಲ! ಎರಡು ಖಾಲಿ ತೋಟೆ ಪಕ್ಕಪಕ್ಕ ಇಟ್ಟುಕೊಂಡು ಒಂದೇ ಪಿಸ್ತೂಲಾ ಎರಡಾ ಎಂದು ಹೇಳಬೇಕು. ಎರಡು ಬೇರೆ ಆಯುಧದ್ದು ಇರಬಹುದು ಎಂಬ ವರದಿ ಬಂತು. ವಕೀಲರಿಗೆ ಅಷ್ಟೇ ಸಾಕಲ್ವಾ? ಚಾವಣಿಗೆ ಹೊಡೆದವನು ಒಬ್ಬ, ಹುಡುಗಿಗೆ ಹೊಡೆದವನು ಇನ್ಯಾರೋ.

ಪಿಸ್ತೂಲು ಮಾಯ ಆದದ್ದರ ನಿಜವಾದ ಲಾಭ ಅದು. ಸಿಗದೆ ಇದ್ದದ್ದಷ್ಟೇ ಅಲ್ಲ, ಸಿಗದ ಜಾಗದಲ್ಲಿ ಇನ್ನೊಂದು ಪಿಸ್ತೂಲು ಹುಟ್ಟಿಕೊಂಡಿತು.

ಹಳೇಪೇಪರ್

ಕಾಫಿಹೂವು ಅವರೇ, ಆ ಕೊನೆಯ ಸಾಲಿಗೆ ಶರಣು.

ಶಯನ್ ಮುನ್ಶಿ ಹೇಳಿದ್ದೂ ಇದನ್ನೇ. ಆ ರಾತ್ರಿ ಜೆಸಿಕಾ ಜೊತೆ ಬಾರಿನಲ್ಲಿ ಇದ್ದವನು, ಎಫ್‌ಐಆರ್ ಆದದ್ದೇ ಅವನ ಮಾತಿನ ಮೇಲೆ. ಅದರಲ್ಲಿ ಒಬ್ಬನೇ ಎರಡೂ ಗುಂಡು ಹಾರಿಸಿದ ಎಂದಿತ್ತು. ಕೋರ್ಟಿಗೆ ಬಂದಾಗ ಇಬ್ಬರು ಆದರು. ಎಫ್‌ಐಆರ್ ಹಿಂದಿಯಲ್ಲಿತ್ತು, ನನಗೆ ಹಿಂದಿ ಬರಲ್ಲ, ಏನು ಬರೆದರೋ ಗೊತ್ತಾಗಲಿಲ್ಲ ಎಂದ. ಆಮೇಲೆ ಅವನು ಹಿಂದಿ ಸಿನಿಮಾದಲ್ಲೂ ಮಾಡಿದ. 2006ರ ಅಕ್ಟೋಬರಿನಲ್ಲಿ ತೆಹಲ್ಕಾ ಪತ್ರಿಕೆಯವರು ಗುಟ್ಟಾಗಿ ಕ್ಯಾಮೆರಾ ಇಟ್ಟು ಸಾಕ್ಷಿಗಳನ್ನು ಮಾತಾಡಿಸಿದಾಗ ಅವನ ಹಿಂದಿ ಇಡೀ ದೇಶಕ್ಕೆ ಕೇಳಿಸಿತು. ಅದೇ ಸುದ್ದಿಯ ಬಿಸಿಗೆ ವಿನೋದ್ ಶರ್ಮಾ ಹರಿಯಾಣದ ಮಂತ್ರಿ ಸ್ಥಾನ ಬಿಡಬೇಕಾಯಿತು.

ಬೆಂಚ್‌ಕೊನೆ

ಹಿಂದಿ ಬರಲ್ಲ ಅಂತ ಹೇಳಿ ತಪ್ಪಿಸಿಕೊಳ್ಳೋದು ನಮಗೆ ಮಾತ್ರ ಅಂದ್ಕೊಂಡಿದ್ದೆ 😀

ಸಂಜೆಮಲ್ಲಿಗೆ

ನಾನು ಆಗ ದೆಹಲಿಯಲ್ಲಿದ್ದೆ. ಮುನಿರ್ಕಾದಲ್ಲಿ ಒಂದು ಬರ್ಸಾತಿ (ತಾರಸಿ ಮೇಲಿನ ಕೋಣೆ), ಮೂವರು ಹುಡುಗಿಯರು, ಒಬ್ಬಳು ಧಾರವಾಡದವಳು. ಊಟಕ್ಕೆ ಭಾನುವಾರ ಆರ್.ಕೆ. ಪುರಂ ಕಡೆ ನಡೆದುಕೊಂಡು ಹೋಗುತ್ತಿದ್ದೆವು, ಕನ್ನಡ ಕಿವಿಗೆ ಬೀಳಲಿ ಎಂದು.

ಫೆಬ್ರವರಿ 21ಕ್ಕೆ ತೀರ್ಪು ಬಂತು. ಮಾರನೆಯ ದಿನ ಒಂದು ಇಂಗ್ಲಿಷ್ ಪೇಪರಿನ ತಲೆಬರಹ, ಜೆಸಿಕಾಳನ್ನು ಯಾರೂ ಕೊಲ್ಲಲಿಲ್ಲ ಎಂದು. ನಮ್ಮ ಆಫೀಸಿನಲ್ಲಿ ಆ ಪೇಪರು ಮೇಜಿನಿಂದ ಮೇಜಿಗೆ ಹೋಯಿತು. ಎನ್‌ಡಿಟಿವಿಯವರು ಎಸ್‌ಎಂಎಸ್ ಕಳಿಸಿ ಎಂದರು, ಎರಡು ಲಕ್ಷಕ್ಕೂ ಜಾಸ್ತಿ ಹೋದವಂತೆ. ನಾನೂ ಒಂದು ಕಳಿಸಿದೆ. ಆಗ ಎಸ್‌ಎಂಎಸ್‌ಗೆ ದುಡ್ಡು ಕಟ್ಟಾಗುತ್ತಿತ್ತು, ಎರಡು ಸಲ ಯೋಚನೆ ಮಾಡಿದ್ದು ನೆನಪಿದೆ.

ಇಂಡಿಯಾ ಗೇಟಿಗೆ ಹೋದೆವು. ಅದೇ ಜನವರಿಯಲ್ಲಿ ಬಂದಿದ್ದ ಒಂದು ಹಿಂದಿ ಸಿನಿಮಾದಲ್ಲಿ ಅಲ್ಲೇ ಮೇಣದಬತ್ತಿ ಹಚ್ಚುವ ದೃಶ್ಯ ಇತ್ತು. ನಿಜ ಹೇಳುತ್ತೇನೆ, ಅರ್ಧ ಜನ ಆ ಸಿನಿಮಾ ತಲೆಯಲ್ಲಿಟ್ಟುಕೊಂಡೇ ಬಂದಿದ್ದರು. ನಾನೂ. ಗಾಳಿಗೆ ಬತ್ತಿ ನಿಲ್ಲುತ್ತಿರಲಿಲ್ಲ. ಯಾರೋ ಟೀ ಕಪ್ಪಿನ ತಳಕ್ಕೆ ತೂತು ಮಾಡಿ ಅದರೊಳಗೆ ಬತ್ತಿ ಸಿಕ್ಕಿಸಿಕೊಳ್ಳಿ ಎಂದು ತೋರಿಸಿದರು. ಆದರೂ ಮೇಣ ಹೆಬ್ಬೆರಳ ಮೇಲೆ ಬಿದ್ದು ಗುಳ್ಳೆ ಎದ್ದಿತು. ಪಕ್ಕದಲ್ಲಿ ಐಸ್‌ಕ್ರೀಂ ಗಾಡಿಯವನು ಒಬ್ಬ ಕೇಳಿದ, ಮೇಡಂ, ಯಾರು ತೀರಿಕೊಂಡರು? ಏಳು ವರ್ಷದ ಹಿಂದೆ ತೀರಿಕೊಂಡಳು ಎಂದರೆ ಅವನಿಗೆ ಅರ್ಥವಾಗಲಿಲ್ಲ.

ಆ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ.

ಟೀಬ್ರೇಕ್

ನನಗೆ ಅರ್ಥವಾಗದ್ದು, ಪಾರ್ಟಿಯಲ್ಲಿ ಅಷ್ಟು ಜನ ಇದ್ದರಲ್ಲ, ಎಲ್ಲಿ ಹೋದರು? ಅವರೇನು ಬಡವರಾ? ಅವರಿಗೇನು ಭಯ?

ತಾಲ್ಲೂಕುಕೋರ್ಟ್

ಅವರಿಗೆ ಬೇರೆ ಥರದ ಭಯ. ಆ ರೆಸ್ಟೋರೆಂಟಿಗೆ ಮದ್ಯದ ಲೈಸೆನ್ಸೇ ಇರಲಿಲ್ಲ. ನಾನು ಅಲ್ಲಿದ್ದೆ ಎಂದು ಹೇಳಿದರೆ ಪೇಪರಿನಲ್ಲಿ ಹೆಸರು ಬರುತ್ತೆ, ಕೋರ್ಟಿಗೆ ಅಲೆಯಬೇಕು. "ನಾವು ಆಗಲೇ ಹೊರಟಿದ್ದೆವು" ಅನ್ನೋದು ಎಲ್ಲರಿಗೂ ಅನುಕೂಲದ ಮಾತು.

ನಿಂತವರು ಕೆಲವರೇ. ರೆಸ್ಟೋರೆಂಟ್ ನಡೆಸುತ್ತಿದ್ದ ಬೀನಾ ರಮಾನಿ, ಗಂಡ ಜಾರ್ಜ್ ಮೈಲೋಟ್, ಮಗಳು ಮಾಲಿನಿ. ಲೈಸೆನ್ಸ್ ಇಲ್ಲದ ಬಾರಿನ ವಿಷಯದಲ್ಲಿ ಅವರ ಮೇಲೂ ಕೇಸು ಬಿದ್ದಿತ್ತು. ಆದರೂ ಮನು ಶರ್ಮಾನನ್ನು ಗುರುತಿಸುವ ವಿಷಯದಲ್ಲಿ ಜಗ್ಗಲಿಲ್ಲ. ಹೈಕೋರ್ಟು ಮುಖ್ಯವಾಗಿ ನಂಬಿದ್ದು ಇಂಥವರನ್ನೇ.

ಸಾಕ್ಷಿ ಯಾಕೆ ತಿರುಗುತ್ತಾನೆ ಅಂದರೆ ಎಲ್ಲರೂ ದುಡ್ಡು ಅನ್ನುತ್ತಾರೆ. ನಾನು ನೋಡಿದ ಒಂದು ಹೇಳುತ್ತೇನೆ, ಊರು ಹೆಸರು ಬೇಡ. ಹೊಡೆದಾಟದ ಕೇಸು, ಒಬ್ಬ ಸತ್ತಿದ್ದ. ಕಣ್ಣಾರೆ ಕಂಡ ಸಾಕ್ಷಿ ಒಬ್ಬ ಐವತ್ತರ ರೈತ. ಬೆಳಗ್ಗೆ ಕೋರ್ಟಿನ ಎದುರು ಕ್ಯಾಂಟೀನಿನಲ್ಲಿ ನನ್ನ ಎದುರೇ ಕೂತು ಇಡ್ಲಿ ತಿಂದ, ಎಲ್ಲಾ ಸರಿಯಾಗಿ ಹೇಳ್ತೀನಿ ಸಾರ್ ಎಂದ. ಹನ್ನೊಂದೂವರೆಗೆ ಕಟಕಟೆಗೆ ಹತ್ತಿ "ಕತ್ತಲಿತ್ತು, ಯಾರು ಅಂತ ಕಾಣಲಿಲ್ಲ" ಎಂದ. ಆಚೆ ಬಂದ ಮೇಲೆ ಕೇಳಿದೆ, ಎಷ್ಟು ಕೊಟ್ಟರಪ್ಪ? ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ: "ಒಂದು ರೂಪಾಯಿ ಇಲ್ಲ ಸಾರ್. ನನ್ನ ಹೊಲಕ್ಕೆ ದಾರಿ ಅವರ ಹೊಲದ ಮೇಲೆ ಇದೆ."

ದೆಹಲಿಯಲ್ಲಿ ಹೊಲ ಇಲ್ಲ, ಅಷ್ಟೇ ವ್ಯತ್ಯಾಸ. ದಾರಿ ಎಲ್ಲರಿಗೂ ಬೇಕು.

ಹಳೇಪೇಪರ್

ಈ ಕೇಸಿನ ಅತಿ ದೊಡ್ಡ ವಿಷಯಕ್ಕೆ ಬರುತ್ತೇನೆ. 2006ರ ಡಿಸೆಂಬರ್ 18ಕ್ಕೆ ದೆಹಲಿ ಹೈಕೋರ್ಟು ಮನು ಶರ್ಮಾ ತಪ್ಪಿತಸ್ಥ ಎಂದಿತು, ಎರಡು ದಿನದ ಮೇಲೆ ಜೀವಾವಧಿ ಶಿಕ್ಷೆ. ವಿಕಾಸ್ ಯಾದವ್ ಮತ್ತು ಅಮರ್‌ದೀಪ್ ಗಿಲ್‌ಗೆ ಸಾಕ್ಷ್ಯ ನಾಶಕ್ಕೆ ನಾಲ್ಕು ವರ್ಷ. ಏಳು ವರ್ಷ ತೆವಳಿದ ಕೇಸು ಹತ್ತು ತಿಂಗಳ ಒಳಗೆ ಮುಗಿಯಿತು. ಒಂದೂ ಹೊಸ ಸಾಕ್ಷಿ ಇಲ್ಲ. ಅದೇ ಫೈಲು, ಅದೇ ಹೇಳಿಕೆಗಳು, ಅದೇ ಎರಡು ಖಾಲಿ ತೋಟೆ. ಒಂದು ಕೋರ್ಟು ಓದಿದಾಗ ಒಂಬತ್ತೂ ಜನ ಖುಲಾಸೆ, ಇನ್ನೊಂದು ಓದಿದಾಗ ಜೀವಾವಧಿ.

ಹಾಗಾದರೆ ನಡುವೆ ಬದಲಾದದ್ದು ಏನು? ಸಂಜೆಮಲ್ಲಿಗೆಯವರ ಮೇಣದಬತ್ತಿಯಾ?

ಬೆಂಚ್‌ಕೊನೆ

ಅದನ್ನೇ ನಾನು ಮೊದಲು ಹೇಳಿದ್ದು. ಆದರೆ ಈಗ ನನಗೇ ಭಯ ಆಗ್ತಿದೆ. ಜನ ಕೂಗಿದ್ದಕ್ಕೆ ಶಿಕ್ಷೆ ಆಗೋದಾದರೆ, ನಾಳೆ ತಪ್ಪು ಮನುಷ್ಯನ ಮೇಲೆ ಕೂಗಿದರೆ? ಈಗಿನ ಟಿವಿ ನೋಡಿದ್ದೀರಲ್ಲ. ಸ್ಟುಡಿಯೋದಲ್ಲೇ ಮಹಜರು, ಸ್ಟುಡಿಯೋದಲ್ಲೇ ನೇಣು.

ತಾಲ್ಲೂಕುಕೋರ್ಟ್

ಒಳ್ಳೇ ಪ್ರಶ್ನೆ ಮಾರಾಯ. ರಾಮ್ ಜೇಠ್ಮಲಾನಿ ಮನು ಶರ್ಮಾ ಪರವಾಗಿ ಇದನ್ನೇ ವಾದಿಸಿದರು. ಸುಪ್ರೀಂ ಕೋರ್ಟು 2010ರ ಏಪ್ರಿಲ್ 19ರಂದು ಶಿಕ್ಷೆ ಎತ್ತಿಹಿಡಿಯಿತು. ಪೇಪರುಗಳು ಮೊದಲೇ ಜನರ ತಲೆಯಲ್ಲಿ ಗೊಂದಲ ಹುಟ್ಟಿಸಿದವು ಎಂದು ಮಾಧ್ಯಮಕ್ಕೂ ಬುದ್ಧಿ ಹೇಳಿತು. ಆದರೆ ಅದರಿಂದ ತೀರ್ಪು ಕೆಡಲಿಲ್ಲ ಎಂದಿತು.

ನನ್ನ ಅಭಿಪ್ರಾಯ ಇದು. ಮೇಲ್ಮನವಿ ಎಂದರೆ ಸಾಕ್ಷ್ಯವನ್ನು ಮೊದಲಿನಿಂದ ಮತ್ತೆ ತೂಗುವುದು, ಹೈಕೋರ್ಟಿಗೆ ಆ ಅಧಿಕಾರ ಪೂರಾ ಇದೆ. ಮುನ್ಶಿ ಹೇಳಿದ್ದರಲ್ಲಿ ಒಂದು ಭಾಗ ನಂಬಿಕೆಗೆ ಬರುತ್ತೆ, ಇಬ್ಬರು ಹೊಡೆದರು ಅನ್ನೋದು ಬರಲ್ಲ ಎಂದು ಸೋಸಿ ತೆಗೆಯಿತು. ಲೈಸೆನ್ಸ್ ಇದ್ದ ಪಿಸ್ತೂಲನ್ನು ಯಾಕೆ ತೋರಿಸಲಿಲ್ಲ ಎಂದು ಕೇಳಿತು. ಇದಕ್ಕೆ ಮೇಣದಬತ್ತಿ ಬೇಕಿಲ್ಲ. ಮೇಣದಬತ್ತಿ ಮಾಡಿದ್ದು ಬೇರೆ. ಪೊಲೀಸರು ತಿಂಗಳೊಳಗೆ ಮೇಲ್ಮನವಿ ಹಾಕಿದರು. ಕೇಸು ಬೇಗ ವಿಚಾರಣೆಗೆ ಬಂತು. ಜನ ಬದಲಾಯಿಸಿದ್ದು ತೀರ್ಪನ್ನಲ್ಲ, ಸರದಿಯನ್ನು.

ಟೀಬ್ರೇಕ್

ಸರದಿ ಬದಲಾಗೋದು ಸಣ್ಣ ವಿಷಯನಾ ಸಾರ್? ನಮ್ಮ ಮಾವ ಒಂದು ಮಹಜರಿಗೆ ಸಹಿ ಹಾಕಿದ್ದಕ್ಕೆ ಒಂಬತ್ತು ವರ್ಷ ಆದಮೇಲೆ ಸಮನ್ಸ್ ಬಂತು. ಅವರು ಸತ್ತು ಎರಡು ವರ್ಷ ಆಗಿತ್ತು. ಅತ್ತೆ ಪೋಸ್ಟ್‌ಮ್ಯಾನ್‌ಗೆ ಹಾರ ಹಾಕಿದ ಫೋಟೋ ತೋರಿಸಿದರು.

ಕಾಫಿಹೂವು

😶

ಸಂಜೆಮಲ್ಲಿಗೆ

ವಿಕಾಸ್ ಯಾದವ್‌ನ ಇನ್ನೊಂದು ಕೇಸಿನ ಬಗ್ಗೆ ಯಾರೂ ಹೇಳಲಿಲ್ಲ. ಈ ಕೇಸಿನಲ್ಲಿ ಜಾಮೀನಿನ ಮೇಲೆ ಹೊರಗಿದ್ದಾಗಲೇ 2002ರ ಫೆಬ್ರವರಿಯಲ್ಲಿ ನಿತೀಶ್ ಕಟಾರಾ ಕೊಲೆ ಆಯಿತು. ವಿಕಾಸ್ ತಂಗಿ ಜೊತೆ ಸ್ನೇಹ ಎಂಬುದೇ ಆ ಹುಡುಗನ ತಪ್ಪು. ಅದರಲ್ಲಿ ವಿಕಾಸ್‌ಗೆ ಆಮೇಲೆ ಇಪ್ಪತ್ತೈದು ವರ್ಷ ಶಿಕ್ಷೆ ಆಯಿತು. ಮೊದಲನೆಯ ಕೇಸು ಎರಡು ವರ್ಷದಲ್ಲಿ ಮುಗಿದಿದ್ದರೆ ಆ ಹುಡುಗ ಬದುಕಿರುತ್ತಿದ್ದನೇನೋ. ವಕೀಲರು ಕಾಲ ಸವೆಸುತ್ತೆ ಎಂದರಲ್ಲ, ಕಾಲ ಇನ್ನೊಂದು ಹೆಣವನ್ನೂ ಹಾಕಿತು.

ಮತ್ತೆ 2009ರ ಪೆರೋಲ್. ಅಮ್ಮನಿಗೆ ಹುಷಾರಿಲ್ಲ, ಅಜ್ಜಿಯ ಕಾರ್ಯ, ವ್ಯವಹಾರ ನೋಡಿಕೊಳ್ಳಬೇಕು ಎಂದು ಮನು ಶರ್ಮಾ ಹೊರಬಂದ. ದೆಹಲಿಯ ಒಂದು ನೈಟ್‌ಕ್ಲಬ್ಬಿನಲ್ಲಿ ಕಾಣಿಸಿಕೊಂಡ. ಗಲಾಟೆಯಾಗಿ ಅವಧಿಗೆ ಮೊದಲೇ ತಿಹಾರ್ ಜೈಲಿಗೆ ವಾಪಸ್ ಹೋದ.

ಬೆಂಚ್‌ಕೊನೆ

ಮತ್ತೆ ಬಾರಿಗೇ!

ಹಳೇಪೇಪರ್

2020ರ ಜೂನ್‌ನಲ್ಲಿ ಬಿಡುಗಡೆಯೂ ಆಯಿತು. ಒಳ್ಳೆಯ ನಡತೆ, ಶಿಕ್ಷೆ ಪರಿಶೀಲನಾ ಮಂಡಳಿಯ ಶಿಫಾರಸು. ಕಾನೂನಿನಲ್ಲಿ ಅವಕಾಶ ಇದೆ, ಅದನ್ನು ನಾನು ದೂರುವುದಿಲ್ಲ. ಜೆಸಿಕಾಳ ತಂಗಿ, ಈ ಕೇಸಿಗಾಗಿ ಬದುಕನ್ನೇ ಸವೆಸಿದ ಸಬ್ರಿನಾ, ಬಿಡುಗಡೆಗೆ ನನ್ನ ಆಕ್ಷೇಪ ಇಲ್ಲ ಎಂದು 2018ರಲ್ಲೇ ಬರೆದುಕೊಟ್ಟಿದ್ದರು. 2021ರ ಆಗಸ್ಟ್ 15ಕ್ಕೆ ಆಕೆಯೂ ತೀರಿಕೊಂಡರು.

ಆ ಕಡೆ ಮನೆ ನೋಡಿ. ತಮ್ಮ ಕಾರ್ತಿಕೇಯ ಶರ್ಮಾ 2022ರಲ್ಲಿ ರಾಜ್ಯಸಭೆಗೆ ಹೋದರು, ಸುದ್ದಿ ಚಾನೆಲ್ಲುಗಳಿವೆ. ತಾಯಿ ಅಂಬಾಲಾ ಮೇಯರ್ ಆಗಿದ್ದರು, 2024ರಲ್ಲಿ ಶಾಸಕಿಯಾದರು. ಕುಟುಂಬದ ಕಂಪನಿ ಮಾಡುವ ಇಂದ್ರಿ ಎಂಬ ವಿಸ್ಕಿಗೆ ಹೊರದೇಶದಲ್ಲೂ ಹೆಸರು. ಮಗನ ತಪ್ಪು ಮನೆಯವರ ತಪ್ಪಲ್ಲ, ಸರಿ. ಆದರೂ ಒಂದು ಪೆಗ್ಗಿಗಾಗಿ ಶುರುವಾದ ಕೇಸಿನ ಕಟ್ಟು ತೊಡೆಯ ಮೇಲಿಟ್ಟುಕೊಂಡು ಇದನ್ನು ಟೈಪ್ ಮಾಡುವಾಗ ಒಂಥರಾ ಆಗುತ್ತದೆ.

ಚಿಂತಾಮಣಿಕಡೆಯವ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಡಿಸೆಂಬರ್ 2006 ಎಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

2000ದ ಮಾರ್ಚ್ 11, ನಮ್ಮ ತಾಲ್ಲೂಕಿನ ಕಂಬಾಲಪಲ್ಲಿ. ಏಳು ಜನ ದಲಿತರನ್ನು ಮನೆಯೊಳಗೆ ಇಟ್ಟು ಜೀವಂತ ಸುಟ್ಟರು. ಆಗ ಇನ್ನೂ ಕೋಲಾರ ಜಿಲ್ಲೆ. ನಾನು ಹೈಸ್ಕೂಲಿನಲ್ಲಿದ್ದೆ. ಮಂತ್ರಿಗಳ ಕಾರುಗಳು ಧೂಳೆಬ್ಬಿಸಿಕೊಂಡು ಹೋದದ್ದು ನೋಡಿದ್ದೇನೆ. ಆ ಕೇಸಿನ ತೀರ್ಪು ಬಂದದ್ದೂ 2006ರ ಡಿಸೆಂಬರಿನಲ್ಲೇ. ಎಲ್ಲರೂ ಖುಲಾಸೆ. ಸಾಕ್ಷಿಗಳು ತಿರುಗಿಬಿದ್ದಿದ್ದರು. ಹೈಕೋರ್ಟಿಗೆ ಹೋಯಿತು, 2014ರಲ್ಲಿ ಅಲ್ಲೂ ಖುಲಾಸೆ ಗಟ್ಟಿಯಾಯಿತು.

ಅದೇ ತಿಂಗಳು. ಅಲ್ಲೂ ಸಾಕ್ಷಿ ತಿರುಗಿದ್ದೇ, ಇಲ್ಲೂ ಸಾಕ್ಷಿ ತಿರುಗಿದ್ದೇ. ದೆಹಲಿಯಲ್ಲಿ ಅದೇ ಫೈಲನ್ನು ಮತ್ತೆ ಕೂತು ಓದಿದರು.

ಹಳೇಪೇಪರ್ ಅವರೇ, ದುಡ್ಡು ಎಲ್ಲಿ ಕೆಲಸ ಮಾಡುತ್ತೆ ಎಂದು ಕೇಳಿದಿರಿ. ನಮ್ಮ ಊರಿನ ಸಾಕ್ಷಿಗಳಿಗೆ ಮಾರನೆಯ ದಿನ ಕೂಲಿ ಕೊಡಬೇಕಾದವರು ಯಾರು? ವಕೀಲರು ಹೇಳಿದ ಹೊಲದ ದಾರಿ ಓದಿ ಎದ್ದು ನೀರು ಕುಡಿದು ಬಂದೆ.

ಸಂಜೆಮಲ್ಲಿಗೆ

ನಾನು ಆ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಸಿಹಿ ಹಂಚಿದ್ದೆ. ಇದು ನನಗೆ ಗೊತ್ತೇ ಇರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ಒಂದು ದಲಿತ ಕುಟುಂಬದ ನಾಲ್ವರ ಕೊಲೆ ಆಗಿತ್ತು, ಅದಕ್ಕೂ ನಾವು ಇಂಡಿಯಾ ಗೇಟಿಗೆ ಹೋಗಲಿಲ್ಲ. ಜೆಸಿಕಾ ನಮ್ಮ ಥರ ಇದ್ದಳು. ಕೆಲಸ ಮಾಡುವ ಹುಡುಗಿ, ರಾತ್ರಿ ತಡವಾಗಿ ಮನೆಗೆ ಹೋಗುವವಳು. ಅದಕ್ಕೇ ಹೋದೆವು. ಇದನ್ನು ಒಪ್ಪಿಕೊಳ್ಳಲು ನಾಚಿಕೆ ಆಗುತ್ತದೆ, ಆದರೆ ಹೋದದ್ದು ತಪ್ಪು ಎಂದೂ ಅನ್ನಿಸುವುದಿಲ್ಲ.

ಚಿಂತಾಮಣಿಕಡೆಯವ

ತಪ್ಪು ಅನ್ನಲಿಲ್ಲ ಅಕ್ಕ. ಹೋಗಿದ್ದಕ್ಕೇ ಅವನು ಒಳಗೆ ಹೋದ.

ತಾಲ್ಲೂಕುಕೋರ್ಟ್

2018ರಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟು ದೇಶಕ್ಕೆಲ್ಲ ಕಾನೂನಿನ ಹಾಗೆ ನಡೆಯಲಿ ಎಂದಿತು. ಹಳೆಯ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ರಾಜ್ಯಗಳು ಇಂಥದ್ದನ್ನು ಮಾಡಬೇಕು ಎಂದಿದೆ. ಮುನ್ಶಿ ಮತ್ತು ತೋಟೆ ನೋಡಿದ ತಜ್ಞರ ಮೇಲೆ ಸುಳ್ಳು ಸಾಕ್ಷ್ಯದ ಕೇಸು ನಡೆಸಿ ಎಂದು ದೆಹಲಿ ಹೈಕೋರ್ಟು 2013ರಲ್ಲಿ ಹೇಳಿತ್ತು. ಕಾಗದದ ಮೇಲೆ ಬೇಕಾದಷ್ಟಿದೆ. ನನ್ನ ರೈತನಿಗೆ ಪೊಲೀಸ್ ಕಾವಲು ಕೊಟ್ಟರೂ ಎತ್ತಿನ ಗಾಡಿ ಯಾವ ದಾರಿಯಲ್ಲಿ ಹೋಗಬೇಕು, ಅದು ಯಾವ ಸೆಕ್ಷನ್ನಿನಲ್ಲೂ ಇಲ್ಲ.

ಬೆಂಚ್‌ಕೊನೆ

ಮೊದಲು ಬರೆದ "ಕಥೆ ಮುಗೀತು" ವಾಪಸ್ ತಗೊಂಡೆ.

ಹಳೇಪೇಪರ್

ಚಿಂತಾಮಣಿಯವರೇ, ನಿಮ್ಮ ಕಾಮೆಂಟ್ ಓದಿ ಮತ್ತೆ ಕಟ್ಟು ಬಿಚ್ಚಿದೆ. ನನ್ನ ಹತ್ತಿರ ಮಾರ್ಚ್‌ವರೆಗೆ ಮಾತ್ರ ಇದೆ. ಆ ಡಿಸೆಂಬರಿನಲ್ಲಿ ಜೆಸಿಕಾಗೆ ಎಷ್ಟು ಕಾಲಂ, ಕಂಬಾಲಪಲ್ಲಿಗೆ ಎಷ್ಟು ಸಾಲು, ಪಕ್ಕಪಕ್ಕ ಇಟ್ಟು ನೋಡಬೇಕು. ಯಾರ ಹತ್ತಿರವಾದರೂ ಆ ತಿಂಗಳ ಕನ್ನಡ ಪೇಪರ್ ಇದೆಯಾ?

ಟೀಬ್ರೇಕ್

ನಮ್ಮೂರ ಲೈಬ್ರರಿಯಲ್ಲಿ ಹಳೇ ಪೇಪರ್ ಬೈಂಡ್ ಮಾಡಿ ಇಟ್ಟಿದ್ದಾರೆ. ನಾಳೆ ಸೋಮವಾರ, ರಜ. ಮಂಗಳವಾರ ಹೋಗಿ ಫೋಟೋ ತೆಗೆದು ಹಾಕುತ್ತೇನೆ. ಗೆದ್ದಲು ಬಿಟ್ಟಿದ್ದರೆ.